ಅಂಚಿರುವ ನೆರಳು: ತೀರ್ಥಹಳ್ಳಿಯ ಒಂದು ಅಡಿಕೆ ಒಲೆ, ಹದಿನಾರು ಚದರ ಮೀಟರ್ ಕನ್ನಡಿ

ಅಕ್ಕನ ಮನೆಯ ಅಡಿಕೆ ಒಲೆ ಕೊಟ್ಟಿಗೆಯ ಹಿಂದೆ ತಗ್ಗಾದ ಮಾಡಿನ ಕೆಳಗಿದೆ. ಮೂರು ಕಲ್ಲು, ಮೇಲೆ ಅಜ್ಜನ ಕಾಲದ ತಾಮ್ರದ ಹಂಡೆ. ಹೊಗೆ ಹೋಗಲು ದಾರಿಯಿಲ್ಲ, ಮಾಡಿನ ಹೆಂಚಿನ ಸಂದಿಯಲ್ಲೇ ನುಸುಳಿ ಹೋಗಬೇಕು. ಅರವತ್ತಾರು ವರ್ಷದ ಅಕ್ಕ ಪ್ರತಿ ಸುಗ್ಗಿಯಲ್ಲೂ ಆ ಹಂಡೆಯ ಮುಂದೆ ನಿಲ್ಲುತ್ತಾಳೆ. ಚೊಗರು, ಎಂದರೆ ಅಡಿಕೆ ಬೇಯಿಸಿದ ಕೆಂಪು ರಸ, ಎಷ್ಟು ಗಟ್ಟಿ ಇರಬೇಕು, ಅಡಿಕೆ ಯಾವಾಗ ಬೆಂದಿತು ಎನ್ನುವುದು ಅವಳ ಕೈಗೆ ಗೊತ್ತು, ಬೇರೆಯವರಿಗೆ ಬಿಡುವುದಿಲ್ಲ. ಕಳೆದ ಎರಡು ವರ್ಷದಿಂದ ಅವಳ ಕಣ್ಣು ಸದಾ ಕೆಂಪು, ರಾತ್ರಿ ಕೆಮ್ಮು. ಸೋದರಳಿಯ ನನಗೆ ಫೋನ್ ಮಾಡಿದ್ದು ಈ ಕಾರಣಕ್ಕೆ.

"ಮಾವ, ಒಬ್ಬರು ಕನ್ನಡಿ ಸೋಲಾರ್ ಹಾಕಿಕೊಡ್ತೀವಿ ಅಂತಿದಾರೆ. ಶಿರಡಿಯಲ್ಲಿ ಅದರಲ್ಲೇ ಅಡುಗೆ ಮಾಡೋದಂತೆ. ಅಡಿಕೆ ಬೇಯಿಸೋಕೂ ಆಗ್ತದಂತೆ. ನೀವು ರಾಜಸ್ಥಾನದಲ್ಲಿ ಇದೇ ಕೆಲಸ ಮಾಡಿದ್ದಲ್ವ, ಒಂದ್ಸಲ ಬಂದು ನೋಡಿ."

ನಿವೃತ್ತಿಗೆ ಮುಂಚಿನ ಆರು ವರ್ಷ ನಾನು ಜೈಸಲ್ಮೇರ್ ಜಿಲ್ಲೆಯ ಒಂದು ಸೌರ ಉಷ್ಣ ವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡಿದ್ದು ನಿಜ. ಆದರೆ ಮರುಭೂಮಿಯ ಅನುಭವವನ್ನು ಮಲೆನಾಡಿನ ಅಂಗಳದಲ್ಲಿ ಹಾಗೇ ಇಳಿಸಲು ಬರುವುದಿಲ್ಲ ಎಂಬ ಅನುಮಾನ ನನಗೆ ಮೊದಲ ದಿನದಿಂದಲೇ ಇತ್ತು. ಅನುಮಾನವನ್ನು ಲೆಕ್ಕಕ್ಕೆ ತರಲು ಒಂದು ಸುಗ್ಗಿ ಪೂರ್ತಿ ಬೇಕಾಯಿತು. ಆ ಸುಗ್ಗಿಯ ವಿವರ ಇಲ್ಲಿದೆ. ಮಲೆನಾಡಿನಲ್ಲಿ ಇದೇ ಪ್ರಶ್ನೆ ಇಟ್ಟುಕೊಂಡ ಮನೆಗಳು ಇನ್ನೂ ಇವೆ ಎಂದು ಬರೆಯುತ್ತಿದ್ದೇನೆ.

ಮನೆ, ತೋಟ, ಸೌದೆ

ಮೂರು ಎಕರೆ ತೋಟ. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ರಸ್ತೆಯಿಂದ ಒಳಕ್ಕೆ ಇಳಿಯಬೇಕು. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಬೀಳುತ್ತದೆ. ಅಷ್ಟಲ್ಲದಿದ್ದರೂ ಈ ಊರಿಗೂ ಮಳೆಗಾಲ ಎಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ಕಾಣದ ದಿನಗಳು. ಮನೆಯಲ್ಲಿ ಮಾಡುವುದು ರಾಶಿ ಇಡಿ ಎಂಬ ಕೆಂಪಡಿಕೆ. ಹಸಿ ಅಡಿಕೆ ಕೊಯ್ದು, ಸುಲಿದು, ಚೊಗರಿನಲ್ಲಿ ಬೇಯಿಸಿ, ಚಪ್ಪರದ ಮೇಲೆ ಒಣಗಿಸಬೇಕು. ಮೊದಲ ಕೊಯ್ಲು ಮಳೆ ಇನ್ನೂ ಬಿಟ್ಟಿರದ ಅಕ್ಟೋಬರಿನಲ್ಲಿ, ಕೊನೆಯದು ಜನವರಿಯಲ್ಲಿ. ಒಟ್ಟು ಬೇಯಿಸುವ ದಿನ ಇಪ್ಪತ್ತಾರು. ದಿನಕ್ಕೆ ನಾಲ್ಕು ಹಂಡೆ, ಒಂದು ಹಂಡೆಗೆ ಸುಮಾರು 60 ಕೆ.ಜಿ. ಸುಲಿದ ಅಡಿಕೆ.

ಸೌದೆಯನ್ನು ಆ ಮನೆಯಲ್ಲಿ ಯಾರೂ ತೂಗಿದವರಲ್ಲ. ಬೆಟ್ಟದಿಂದ ಬರುತ್ತದೆ, ಒಲೆಗೆ ಹೋಗುತ್ತದೆ. ನಾನು ಮೊದಲು ಮಾಡಿದ ಕೆಲಸವೇ ಅಡಿಕೆ ತೂಗುವ ತಕ್ಕಡಿಯನ್ನು ಒಲೆಯ ಹತ್ತಿರ ತಂದಿಟ್ಟದ್ದು. ಒಂದು ವಾರ ತೂಗಿದಾಗ ದಿನಕ್ಕೆ ಐವತ್ತರಿಂದ ಐವತ್ತೈದು ಕೆ.ಜಿ. ಎಂದು ತಿಳಿಯಿತು. ಸುಗ್ಗಿಗೆ ಸುಮಾರು 1,350 ಕೆ.ಜಿ.

ಅಕ್ಕ ನಗಲಿಲ್ಲ, ಬೈಯಲೂ ಇಲ್ಲ. "ಹಂಗಾರೆ ಬಚ್ಚಲೊಲೆದೂ ತೂಗು ಮಾರಾಯ" ಎಂದಳು. ಅದು ಈ ಪ್ರಕರಣದ ಅತ್ಯಂತ ಉಪಯುಕ್ತ ಮಾತಾಯಿತು. ಬಚ್ಚಲೊಲೆಗೆ ದಿನಕ್ಕೆ ಏಳೆಂಟು ಕೆ.ಜಿ. ಮಾತ್ರ. ಆದರೆ ಅದು ವರ್ಷದ ಮುನ್ನೂರ ಅರವತ್ತೈದು ದಿನವೂ ಉರಿಯುತ್ತದೆ. ಲೆಕ್ಕ ಹಾಕಿದರೆ ಅಡಿಕೆ ಒಲೆಯ ಎರಡರಷ್ಟು ಸೌದೆ ಸ್ನಾನದ ನೀರಿಗೇ ಹೋಗುತ್ತಿತ್ತು. ಬೆಟ್ಟ ಬೋಳಾಗುತ್ತಿದೆ ಎಂದು ಎಲ್ಲರೂ ಅಡಿಕೆ ಒಲೆಯ ಕಡೆ ಬೆರಳು ತೋರಿಸುತ್ತಿದ್ದರು.

ಕನ್ನಡಿಗೆ ಬೇಕಾದ ಬಿಸಿಲು

ಅಳಿಯನಿಗೆ ಬಂದಿದ್ದ ಕೊಟೇಶನ್ ಒಂದು ಷೆಫ್ಲರ್ ಡಿಶ್‌ನದು, ಎಂದರೆ ಬಟ್ಟಲಿನಂತೆ ಬಾಗಿದ ದೊಡ್ಡ ಕನ್ನಡಿಯದು. ಆಸ್ಟ್ರಿಯಾ ಮೂಲದ ವೋಲ್ಫ್‌ಗ್ಯಾಂಗ್ ಷೆಫ್ಲರ್ 1980ರ ದಶಕದಲ್ಲಿ ರೂಪಿಸಿದ ಈ ಡಿಶ್ ಸೂರ್ಯನ ಜೊತೆ ಗಂಟೆಗೆ ಹದಿನೈದು ಡಿಗ್ರಿಯಂತೆ ತಿರುಗುತ್ತದೆ, ಆದರೆ ಬೆಳಕು ಬಂದು ಸೇರುವ ಜಾಗ ಮಾತ್ರ ಕದಲುವುದಿಲ್ಲ. ಆದ್ದರಿಂದ ಪಾತ್ರೆಯನ್ನೋ ಬಾಯ್ಲರನ್ನೋ ಒಂದೇ ಕಡೆ ಇಟ್ಟು ಕೆಲಸ ಮಾಡಬಹುದು. ಇದು ನಿಜಕ್ಕೂ ಸೊಗಸಾದ ಉಪಾಯ. ತಿರುಮಲದಲ್ಲಿ 2002ರಲ್ಲಿ ಇಂಥ 106 ಡಿಶ್‌ಗಳನ್ನು ಜೋಡಿಸಿ ಅನ್ನಪ್ರಸಾದದ ಅಡುಗೆಗೆ ಹಬೆ ಮಾಡಿದರು. ಶಿರಡಿಯಲ್ಲಿ 2009ರಲ್ಲಿ ಹದಿನಾರು ಚದರ ಮೀಟರಿನ 73 ಡಿಶ್‌ಗಳು ಬಂದವು. ಅಬು ಬೆಟ್ಟದ ತಪ್ಪಲಲ್ಲಿ ಬ್ರಹ್ಮಕುಮಾರಿಯರು ಅಡುಗೆಯಿಂದ ಮುಂದೆ ಹೋಗಿ, ಅರವತ್ತು ಚದರ ಮೀಟರಿನ 770 ಡಿಶ್‌ಗಳಿಂದ ಒಂದು ಮೆಗಾವಾಟ್ ವಿದ್ಯುತ್ ಸ್ಥಾವರವನ್ನೇ ಕಟ್ಟಿದ್ದಾರೆ. ಅಲ್ಲಿ ಕಾದ ಎರಕದ ಕಬ್ಬಿಣದಲ್ಲಿ ರಾತ್ರಿಗೂ ಶಾಖ ಉಳಿಯುತ್ತದೆ.

ಹೀಗಾಗಿ ಏಜೆಂಟ್ ತೋರಿಸಿದ ಫೋಟೋಗಳೆಲ್ಲ ನಿಜವೇ. ಪ್ರಶ್ನೆ ಬೇರೆ ಇತ್ತು. ಶಿರಡಿ ಸಹ್ಯಾದ್ರಿಯ ಮಳೆನೆರಳಿನ ನೆಲ. ಅಕ್ಕನ ಮನೆ ಅದೇ ಸಹ್ಯಾದ್ರಿಯ ಮಳೆ ಬೀಳುವ ಕಡೆಗೆ.

ನಮ್ಮ ಕಣ್ಣಿಗೆ ಬೆಳಕೆಲ್ಲ ಒಂದೇ. ಕನ್ನಡಿಗೆ ಹಾಗಲ್ಲ. ಸೂರ್ಯನ ಬಿಂಬದಿಂದ ನೇರವಾಗಿ ಬರುವ ಕಿರಣಗಳು ಹೆಚ್ಚುಕಡಿಮೆ ಒಂದೇ ದಿಕ್ಕಿನವು, ಬಿಂಬದ ಅಗಲ ಆಕಾಶದಲ್ಲಿ ಅರ್ಧ ಡಿಗ್ರಿಯಷ್ಟೇ. ಆ ಕಿರಣಗಳನ್ನು ಬಾಗಿದ ಕನ್ನಡಿ ಒಂದು ಕಡೆ ಕೂಡಿಸಬಲ್ಲದು. ಆದರೆ ಮೋಡದಲ್ಲೋ ಮಂಜಿನಲ್ಲೋ ಚದುರಿ ಆಕಾಶದ ಎಲ್ಲ ಮೂಲೆಯಿಂದ ಬರುವ ಬೆಳಕನ್ನು ಯಾವ ಕನ್ನಡಿಯೂ ಕೂಡಿಸಲಾರದು. ಮನೆ ಮೇಲಿನ ಸೋಲಾರ್ ಪ್ಯಾನೆಲ್ ಚದುರಿದ ಬೆಳಕಿನಲ್ಲೂ ಅಷ್ಟಿಷ್ಟು ಕರೆಂಟ್ ಕೊಡುತ್ತದೆ. ನೀರು ಕಾಯಿಸುವ ಹೀಟರ್ ಸಹ ಅರೆಮೋಡದಲ್ಲಿ ಬೆಚ್ಚಗಾಗುತ್ತದೆ. ಕನ್ನಡಿ ಡಿಶ್ ಮಾತ್ರ ಸುಮ್ಮನೆ ನಿಂತಿರುತ್ತದೆ. ರಾಜಸ್ಥಾನದಲ್ಲಿ ಧೂಳು ಎದ್ದ ದಿನ ನಮ್ಮ ಸ್ಥಾವರದ ಕನ್ನಡಿ ಸಾಲುಗಳೆಲ್ಲ ಹೀಗೇ ನಿಂತಿರುತ್ತಿದ್ದವು. ಪಕ್ಕದ ಊರಿನ ಶಾಲೆಯ ಪ್ಯಾನೆಲ್ ಮಾತ್ರ ಫ್ಯಾನ್ ತಿರುಗಿಸುತ್ತಿತ್ತು.

ಇದನ್ನು ಮನೆಯವರಿಗೆ ಹೇಳಲು ನಾನು ಬಳಸಿದ್ದು ನೆರಳನ್ನು. ಅಂಗಳದಲ್ಲಿ ಕೈ ಚಾಚಿದಾಗ ಬೆರಳುಗಳ ನೆರಳಿಗೆ ಅಂಚು ಇದ್ದರೆ ಅದು ಕನ್ನಡಿಯ ಬಿಸಿಲು. ಬೆಳಕಿದ್ದೂ ನೆರಳು ಮಸುಕಾಗಿದ್ದರೆ ಅದು ಕನ್ನಡಿಗೆ ಇಲ್ಲದ ಬಿಸಿಲು.

ಭೂತಗನ್ನಡಿ ಪುಸ್ತಕ

ನೇರ ಬಿಸಿಲನ್ನು ಅಳೆಯುವ ಉಪಕರಣ ದುಬಾರಿ. ಆದರೆ ಹವಾಮಾನ ಕೇಂದ್ರಗಳಲ್ಲಿ ಒಂದು ಹಳೆಯ ಸಾಧನ ಇದೆ. ಗಾಜಿನ ಗೋಲ, ಅದರ ಹಿಂದೆ ಒಂದು ರಟ್ಟಿನ ಪಟ್ಟಿ. ಬಿಸಿಲು ಚುರುಕಾಗಿದ್ದಷ್ಟು ಹೊತ್ತು ಗೋಲ ಪಟ್ಟಿಯನ್ನು ಸುಡುತ್ತಾ ಹೋಗುತ್ತದೆ. ಸಂಜೆ ಸುಟ್ಟ ಗೆರೆಯನ್ನು ಅಳೆದರೆ ಬಿಸಿಲಿನ ಗಂಟೆ ಸಿಗುತ್ತದೆ. ಅದನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ಅಳಿಯನ ಮಗಳಿಗೆ ಒಂದು ಭೂತಗನ್ನಡಿ ತಂದುಕೊಟ್ಟೆ. ಐದನೇ ಕ್ಲಾಸಿನ ಹುಡುಗಿ. ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಗಂಟೆಗೊಮ್ಮೆ ಅಂಗಳದ ಒಂದೇ ಜಾಗದಲ್ಲಿ ನಿಂತು ಒಣ ಸೋಗೆಯ ತುಂಡಿಗೆ ಗಾಜು ಹಿಡಿಯುವುದು, ಹತ್ತು ಎಣಿಸುವುದರೊಳಗೆ ಹೊಗೆ ಬಂದರೆ ಸರಿ ಗುರುತು, ಇಲ್ಲದಿದ್ದರೆ ಸೊನ್ನೆ. ಅವಳು ಶಾಲೆಗೆ ಹೋದ ದಿನ ಅಕ್ಕ. ಅಕ್ಕ ಬರೆದ ಪುಟಗಳಲ್ಲಿ ಸೊನ್ನೆಯ ಪಕ್ಕದಲ್ಲಿ ಕಾರಣವೂ ಇದೆ. "ಮಂಜು." "ಗುಡ್ಡದ ಮೋಡ." "ಮರದ ನೆರಳು."

ಅಕ್ಟೋಬರ್ 15ರಿಂದ ಜನವರಿ 31ರವರೆಗೆ ಪುಸ್ತಕ ತುಂಬಿತು. ಅಕ್ಟೋಬರಿನ ಪುಟಗಳಲ್ಲಿ ಸೊನ್ನೆಯೇ ಹೆಚ್ಚು, ಐದು ಸರಿ ಗುರುತು ಇರುವ ದಿನ ನಾಲ್ಕೇ. ನವೆಂಬರಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಮೇಲೆ. ಡಿಸೆಂಬರ್ ಜನವರಿಯಲ್ಲಿ ಪುಟ ತುಂಬ ಸರಿ ಗುರುತು, ಬೆಳಗಿನ ಒಂದು ಸೊನ್ನೆ ಮಾತ್ರ ಮಂಜಿನದು.

ಇದನ್ನು ನೋಡಿ ನನಗೇ ಆಶ್ಚರ್ಯವಾಯಿತು. ಮಲೆನಾಡು ಎಂದರೆ ಕನ್ನಡಿಗೆ ಆಗದ ನೆಲ ಎಂದು ನಾನು ಒಳಗೊಳಗೇ ತೀರ್ಮಾನಿಸಿಬಿಟ್ಟಿದ್ದೆ. ವರ್ಷಪೂರ್ತಿ ನಡೆಯಬೇಕಾದ ವಿದ್ಯುತ್ ಸ್ಥಾವರಕ್ಕೆ ಅದು ನಿಜ. ಆದರೆ ಅಡಿಕೆಗೆ ಶಾಖ ಬೇಕಾಗುವುದು ನಾಲ್ಕು ತಿಂಗಳು, ಆ ನಾಲ್ಕರಲ್ಲಿ ಎರಡೂವರೆ ತಿಂಗಳು ಬಿಸಿಲು ಚೆನ್ನಾಗಿಯೇ ಇದೆ.

ಆಮೇಲೆ ಅದೇ ಪುಸ್ತಕದ ಪಕ್ಕಕ್ಕೆ ಬೇಯಿಸಿದ ದಿನಗಳನ್ನು ಹಾಕಿದೆವು. ಇಪ್ಪತ್ತಾರು ದಿನಗಳಲ್ಲಿ ಒಳ್ಳೆಯ ಬಿಸಿಲಿನ ದಿನ ಹದಿನಾಲ್ಕು. ಮೊದಲ ಕೊಯ್ಲು ಪೂರ್ತಿ ಸೊನ್ನೆಗಳ ನಡುವೆ ಬಿದ್ದಿತ್ತು.

ಒಂದು ಹಂಡೆಯ ಲೆಕ್ಕ

ಎಲ್ಲರಿಗೂ ಕರೆಂಟ್ ಬಿಲ್ಲಿನ ಯೂನಿಟ್ ಗೊತ್ತು, ಅದರಲ್ಲೇ ಹೇಳುತ್ತೇನೆ.

ನೂರು ಲೀಟರ್ ನೀರನ್ನು 24 ಡಿಗ್ರಿಯಿಂದ ಕುದಿಯುವವರೆಗೆ ಕಾಯಿಸಲು ಸುಮಾರು ಒಂಬತ್ತು ಯೂನಿಟ್ ಶಾಖ ಬೇಕು. 60 ಕೆ.ಜಿ. ಅಡಿಕೆಯನ್ನು ಅದೇ ಬಿಸಿಗೆ ತರಲು ನಾಲ್ಕು ಯೂನಿಟ್. ಚೊಗರು ನೀರನ್ನು ಮತ್ತೆ ಮತ್ತೆ ಬಳಸುವುದರಿಂದ ಒಂಬತ್ತು ಯೂನಿಟ್ ಮೊದಲ ಹಂಡೆಗೆ ಮಾತ್ರ. ನಾಲ್ಕು ಹಂಡೆಗೆ ಇಪ್ಪತ್ತೈದು, ಕುದಿಯುವಾಗ ಆವಿಯಾಗಿ ಹೋಗುವ ಸುಮಾರು ಒಂಬತ್ತು ಹತ್ತು ಸೇರಿದರೆ ದಿನಕ್ಕೆ 35 ಯೂನಿಟ್. ಒಣ ಸೌದೆಯಲ್ಲಿ ಕೆ.ಜಿ.ಗೆ ಹೆಚ್ಚುಕಡಿಮೆ 4.4 ಯೂನಿಟ್ ಶಾಖವಿದೆ. ಐವತ್ತಮೂರು ಕೆ.ಜಿ. ಉರಿಸಿ 35 ಯೂನಿಟ್ ಪಡೆಯುತ್ತಿದ್ದೇವೆ ಎಂದರೆ ಒಲೆ ಹಂಡೆಗೆ ಮುಟ್ಟಿಸುತ್ತಿದ್ದುದು ನೂರಕ್ಕೆ ಹದಿನೈದು ಪಾಲು. ಉಳಿದ ಎಂಬತ್ತೈದು ಅಕ್ಕನ ಮುಖಕ್ಕೆ, ಮಾಡಿಗೆ, ಆಕಾಶಕ್ಕೆ.

ಇನ್ನು ಡಿಶ್. ಹದಿನಾರು ಚದರ ಮೀಟರ್ ಎಂಬುದು ಕನ್ನಡಿಯ ಮೈ. ಅದು ಓರೆಯಾಗಿ ನಿಲ್ಲುವುದರಿಂದ ಸೂರ್ಯನಿಗೆ ಎದುರಾಗುವ ಅಗಲ ಅದಕ್ಕಿಂತ ಕಡಿಮೆ, ನಾನು ಹನ್ನೊಂದು ಎಂದು ಹಿಡಿದೆ. ಚದರ ಮೀಟರಿಗೆ 700 ವಾಟ್ ನೇರ ಬಿಸಿಲು ಬಿದ್ದು, ಅದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಹಬೆಯಾದರೆ ನಾಲ್ಕು ಕಿಲೋವಾಟ್. ಐದೂವರೆ ಗಂಟೆ ಒಳ್ಳೆಯ ಬಿಸಿಲಿಗೆ 22 ಯೂನಿಟ್. ಅದೇನೂ ಕಡಿಮೆಯಲ್ಲ, ಹಳೆಯ ಒಲೆಯ ಲೆಕ್ಕದಲ್ಲಿ ದಿನಕ್ಕೆ 33 ಕೆ.ಜಿ. ಸೌದೆ ಉಳಿಯುತ್ತದೆ. ಆದರೆ ಹದಿನಾಲ್ಕೇ ದಿನ. ಸುಗ್ಗಿಗೆ ಸುಮಾರು 460 ಕೆ.ಜಿ., ಒಟ್ಟು ಸೌದೆಯ ಮೂರನೇ ಒಂದು ಪಾಲು. ಅದೂ ಅಡಿಕೆಯನ್ನು ಬಿಸಿಲಿನ ಹೊತ್ತಿಗೇ ಬೇಯಿಸಿದರೆ ಮಾತ್ರ. ಈ ಮನೆಯಲ್ಲಿ ಬೆಳಿಗ್ಗೆ ಅಡಿಕೆ ಗೊನೆ ಇಳಿಸಿ, ಮಧ್ಯಾಹ್ನ ಮೆಷಿನ್ನಿನಲ್ಲಿ ಸುಲಿದು, ಒಲೆ ಹಚ್ಚುವ ಹೊತ್ತಿಗೆ ನಾಲ್ಕು ಗಂಟೆ. ಪಶ್ಚಿಮದ ಗುಡ್ಡ ನಾಲ್ಕೂವರೆಗೆ ಸೂರ್ಯನನ್ನು ನುಂಗುತ್ತದೆ.

ಬೇಯಿಸುವುದರಲ್ಲೂ ಒಂದು ತೊಡಕಿತ್ತು. ಹಬೆಯನ್ನು ನೇರ ಹಂಡೆಗೆ ಬಿಟ್ಟರೆ ಅದು ನೀರಾಗಿ ಬೀಳುತ್ತದೆ. ಪ್ರತಿ ಹಂಡೆಗೆ ಆರೇಳು ಲೀಟರ್ ಹೊಸ ನೀರು ಸೇರಿ ಚೊಗರು ತೆಳುವಾಗುತ್ತದೆ. ಬಣ್ಣ ಕೆಟ್ಟರೆ ಮಂಡಿಯಲ್ಲಿ ಧಾರಣೆ ಬಿತ್ತು ಎಂದೇ ಅರ್ಥ. ಹಬೆಯನ್ನು ಸುರುಳಿ ಕೊಳವೆಯಲ್ಲಿ ಹಾಯಿಸಿದರೆ ಚೊಗರು ಕೊಳವೆಯ ಮೈಗೆ ಹತ್ತುತ್ತದೆ, ದಿನಾ ತಿಕ್ಕಬೇಕು. ಏಜೆಂಟಿಗೆ ಅಡಿಕೆ ಗೊತ್ತಿರಲಿಲ್ಲ. ಅವರನ್ನು ದೂರುವಂತಿಲ್ಲ, ಅನ್ನ ಬೇಯಿಸುವ ಲೆಕ್ಕವನ್ನು ಅವರು ಪ್ರಾಮಾಣಿಕವಾಗಿ ಹೇಳಿದ್ದರು.

ಕೊನೆಗೆ ಜಾಗ. ತೋಟ ಅಂಗಳದ ದಕ್ಷಿಣಕ್ಕಿದೆ. ತೀರ್ಥಹಳ್ಳಿಯ ಅಕ್ಷಾಂಶದಲ್ಲಿ ಡಿಸೆಂಬರಿನ ನಡುಹಗಲ ಸೂರ್ಯ ನೆತ್ತಿಯಿಂದ 37 ಡಿಗ್ರಿ ದಕ್ಷಿಣಕ್ಕೆ ಇಳಿದಿರುತ್ತಾನೆ. ಅಂಗಳದ ಮಟ್ಟದಿಂದ ಹದಿನೈದು ಮೀಟರ್ ಮೇಲೆ ಚಾಚಿದ ಅಡಿಕೆ ಮರದ ನೆರಳು ನಡುಹಗಲಿನಲ್ಲೇ ಹನ್ನೊಂದು ಮೀಟರ್, ಬೆಳಗಿನ ಒಂಬತ್ತೂವರೆಗೆ ಇಪ್ಪತ್ತಮೂರು. ಆ ನೆರಳು ಮುಟ್ಟದ ಒಂದೇ ಜಾಗ ಅಂಗಳದ ಉತ್ತರದ ತುದಿ. ಅಲ್ಲಿ ಅಡಿಕೆ ಒಣಗಿಸುವ ಚಪ್ಪರವಿದೆ. ಚಪ್ಪರಕ್ಕೂ ಕನ್ನಡಿಗೂ ಬೇಕಾದದ್ದು ಅದೇ ಬಿಸಿಲು, ಅದೇ ಜಾಗ, ಅದೇ ತಿಂಗಳು.

ಕೊಟೇಶನ್, ಅಡಿಪಾಯ ಮತ್ತು ಕೊಳವೆ ಸೇರಿ, ಮೂರು ಲಕ್ಷ ದಾಟಿತ್ತು. ಎಲೆಚುಕ್ಕಿ ರೋಗ ಬಂದು ಸುತ್ತಮುತ್ತಲ ತೋಟಗಳ ಇಳುವರಿ ಕುಸಿದಿರುವ ಈ ವರ್ಷಗಳಲ್ಲಿ, ಬೆಟ್ಟದಿಂದ ದುಡ್ಡಿಲ್ಲದೆ ಬರುವ 460 ಕೆ.ಜಿ. ಸೌದೆಗಾಗಿ ಆ ಸಾಲ ಮಾಡು ಎಂದು ನಾನು ಹೇಳಲಾರೆ. ಹೇಳಲಿಲ್ಲ.

ಹಾಗಾದರೆ ಈ ತಂತ್ರಜ್ಞಾನ ಯಾರಿಗೆ?

ಬೇಡ ಎಂದ ರಾತ್ರಿ ಅಳಿಯ ಜಗಲಿಯಲ್ಲಿ ಕೂತು ಬೇಸರದಿಂದ ಕೇಳಿದ. "ಅಷ್ಟೆಲ್ಲ ದೇಶಗಳಲ್ಲಿ ಮಾಡ್ತಾರಲ್ಲ ಮಾವ, ಸುಮ್ನೆ ಮಾಡ್ತಾರಾ?"

ಸುಮ್ಮನೆ ಅಲ್ಲ. ಕನ್ನಡಿಯಿಂದ ಯಂತ್ರ ನಡೆಸುವ ಆಸೆ ಹಳೆಯದು, ಈ ಸಹ್ಯಾದ್ರಿಯ ಕರಾವಳಿಗೂ ಅದು ಬೇಗ ಬಂದಿತ್ತು. 1870ರ ದಶಕದಲ್ಲಿ ಮುಂಬಯಿಯಲ್ಲಿದ್ದ ವಿಲಿಯಂ ಆಡಮ್ಸ್ ಎಂಬ ಇಂಗ್ಲಿಷ್ ಅಧಿಕಾರಿ ಚಪ್ಪಟೆ ಕನ್ನಡಿಗಳನ್ನು ಅರ್ಧವೃತ್ತಾಕಾರದಲ್ಲಿ ನಿಲ್ಲಿಸಿ ಬಾಯ್ಲರ್ ಕಾಯಿಸಿ ಎರಡೂವರೆ ಅಶ್ವಶಕ್ತಿಯ ಎಂಜಿನ್ ಓಡಿಸಿದ್ದ. ನೂರು ವರ್ಷದ ನಂತರ, 1984ರಿಂದ 1990ರ ನಡುವೆ, ಅಮೆರಿಕದ ಮೊಹಾವಿ ಮರುಭೂಮಿಯಲ್ಲಿ ದೋಣಿಯಾಕಾರದ ಉದ್ದ ಕನ್ನಡಿಗಳ 354 ಮೆಗಾವಾಟ್ ಸ್ಥಾವರಗಳು ಎದ್ದವು. ನಾನು ಕೆಲಸ ಮಾಡಿದ್ದೂ ಆ ಬಗೆಯದರಲ್ಲೇ. ಕನ್ನಡಿಯ ಮಧ್ಯದ ಗಾಜಿನ ಕೊಳವೆಯೊಳಗೆ ಎಣ್ಣೆ ಹರಿದು 390 ಡಿಗ್ರಿಯವರೆಗೆ ಕಾಯುತ್ತದೆ, ಆ ಎಣ್ಣೆ ನೀರನ್ನು ಹಬೆ ಮಾಡುತ್ತದೆ, ಹಬೆ ಟರ್ಬೈನ್ ತಿರುಗಿಸುತ್ತದೆ.

ಭಾರತದಲ್ಲಿ 2010ರಲ್ಲಿ ರಾಷ್ಟ್ರೀಯ ಸೌರ ಮಿಷನ್ ಶುರುವಾದಾಗ ಕನ್ನಡಿಗೂ ಪ್ಯಾನೆಲ್‌ಗೂ ಬೆಲೆಯಲ್ಲಿ ದೊಡ್ಡ ಅಂತರವಿರಲಿಲ್ಲ. ಎರಡೂ ಯೂನಿಟ್‌ಗೆ ಹತ್ತು ಹನ್ನೆರಡು ರೂಪಾಯಿಯ ಆಸುಪಾಸು. ಕನ್ನಡಿಯ ಏಳು ಯೋಜನೆಗಳಿಗೆ 470 ಮೆಗಾವಾಟ್ ಹಂಚಿದರು. ಬೆರಳೆಣಿಕೆಯವು ಮಾತ್ರ ಮುಗಿದವು: ರಾಜಸ್ಥಾನದ ನೋಖ್‌ನಲ್ಲಿ 50, ಧುರ್ಸರ್‌ನಲ್ಲಿ 125, ಆಂಧ್ರದ ಅನಂತಪುರದಲ್ಲಿ 50. ಎಡವಿದ್ದಕ್ಕೆ ಒಂದು ಕಾರಣ ಅಕ್ಕನ ಪುಸ್ತಕಕ್ಕೆ ತೀರಾ ಹತ್ತಿರದ್ದು. ನೇರ ಬಿಸಿಲಿನ ಅಂದಾಜು ಉಪಗ್ರಹದ ಲೆಕ್ಕದಿಂದ ಬಂದಿತ್ತು. ನೆಲದ ಮೇಲೆ ಅಳೆದಾಗ ಧೂಳು ಮತ್ತು ಮಬ್ಬಿನಿಂದಾಗಿ ಅದು ಕಡಿಮೆ ಇತ್ತು. ಸೌರ ಯೋಜನೆಗಳಿಗೆಂದೇ ನೆಲದ ಮೇಲಿನ ಅಳತೆ ಕೇಂದ್ರಗಳ ಜಾಲ ದೇಶದಲ್ಲಿ ಶುರುವಾದದ್ದು 2011ರಲ್ಲಿ, ಯೋಜನೆಗಳನ್ನು ಹಂಚಿದ ಮೇಲೆ. ಅಷ್ಟರಲ್ಲಿ ಪ್ಯಾನೆಲ್ ಬೆಲೆ ಪಾತಾಳಕ್ಕಿಳಿಯಿತು. 2017ರಲ್ಲಿ ರಾಜಸ್ಥಾನದ ಭಡ್ಲಾದಲ್ಲಿ ಯೂನಿಟ್‌ಗೆ 2.44 ರೂಪಾಯಿ. ನಮ್ಮ ಪಾವಗಡದ 2,050 ಮೆಗಾವಾಟ್ ಪಾರ್ಕ್ ಪೂರ್ತಿ ಪ್ಯಾನೆಲ್ಲೇ.

ಆದರೂ ಕನ್ನಡಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ, ಏಕೆಂದರೆ ಕನ್ನಡಿ ಮಾಡುವುದು ಶಾಖ, ಶಾಖವನ್ನು ಕೂಡಿಡಬಹುದು. ಸೋಡಿಯಂ ನೈಟ್ರೇಟ್ ಮತ್ತು ಪೊಟ್ಯಾಷಿಯಂ ನೈಟ್ರೇಟ್ ಉಪ್ಪುಗಳ ಮಿಶ್ರಣವನ್ನು ಕರಗಿಸಿ, ಹಗಲು 565 ಡಿಗ್ರಿಗೆ ಕಾಯಿಸಿ, ದೊಡ್ಡ ತೊಟ್ಟಿಯಲ್ಲಿ ಇಟ್ಟರೆ ರಾತ್ರಿ ಪೂರ್ತಿ ಹಬೆ ಮಾಡಬಹುದು. ಸ್ಪೇನಿನ ಹೆಮಸೋಲಾರ್ ಗೋಪುರ ಸ್ಥಾವರ 2011ರಿಂದ ಹದಿನೈದು ಗಂಟೆಯ ಶಾಖವನ್ನು ಹೀಗೆ ಇಟ್ಟುಕೊಳ್ಳುತ್ತದೆ. ಮೊರಾಕ್ಕೋದ ವಾರ್ಜಾಜಾತ್‌ನಲ್ಲಿ 510 ಮೆಗಾವಾಟ್, ದುಬೈನಲ್ಲಿ 700 ಮೆಗಾವಾಟ್ ಕನ್ನಡಿ ಸ್ಥಾವರಗಳು ನಡೆಯುತ್ತಿವೆ. ಚೀನಾ ಹೊಸವನ್ನು ಕಟ್ಟುತ್ತಲೇ ಇದೆ. ತೊಂದರೆಯೂ ಇದೆ. ಅಮೆರಿಕದ ನೆವಾಡಾದ 110 ಮೆಗಾವಾಟ್ ಸ್ಥಾವರದಲ್ಲಿ 2016ರಲ್ಲಿ ಉಪ್ಪಿನ ತೊಟ್ಟಿ ಸೋರಿ ತಿಂಗಳುಗಟ್ಟಲೆ ನಿಂತಿತ್ತು. ಹಗಲಿನ ಕರೆಂಟಿನಲ್ಲಿ ಪ್ಯಾನೆಲ್ ಜೊತೆ ಕನ್ನಡಿ ಇನ್ನು ಸ್ಪರ್ಧಿಸಲಾರದು, ಅದಕ್ಕೆ ಉಳಿದಿರುವುದು ಸೂರ್ಯ ಮುಳುಗಿದ ಮೇಲಿನ ಹೊತ್ತು ಎಂದು ಅಳಿಯನಿಗೆ ಹೇಳಿದೆ.

ಅವನು ಲಿಂಗನಮಕ್ಕಿಯ ದಿಕ್ಕಿಗೆ ಕೈ ತೋರಿಸಿ, "ರಾತ್ರಿ ಕರೆಂಟ್ ಅಂದ್ರೆ ನಮ್ಮ ಶರಾವತಿ ಅಲ್ವ" ಎಂದ. ಹೌದು. 1964ರಲ್ಲಿ ಕಟ್ಟಿ ಮುಗಿಸಿದ ಆ ಅಣೆಕಟ್ಟು ಮಳೆಯನ್ನು ಕೂಡಿಟ್ಟು ನಾಡಿಗೆ ಬೇಕಾದಾಗ ಕರೆಂಟ್ ಕೊಟ್ಟಿದೆ, ಅದಕ್ಕೆ ಬೆಲೆ ಕೊಟ್ಟವರು ಮುಳುಗಡೆಯ ಜನ. ಈಗ ಹಗಲಿನ ಸೌರ ವಿದ್ಯುತ್ತಿನಲ್ಲಿ ನೀರನ್ನು ಮೇಲಕ್ಕೆತ್ತಿ ರಾತ್ರಿ ಇಳಿಸುವ 2,000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಯೋಜನೆಗೆ ಅದೇ ಕಣಿವೆಯನ್ನು, ಸಿಂಗಳೀಕಗಳ ಆ ಕಾಡನ್ನು ಕೊರೆಯುವ ಮಾತಿದೆ. ಪಾವಗಡದ ಪಕ್ಕದ ಅನಂತಪುರದಲ್ಲೇ ಕನ್ನಡಿ ಸ್ಥಾವರ ಇರುವಾಗ, ಒಣನೆಲದ ಬಿಸಿಲನ್ನು ಒಣನೆಲದಲ್ಲೇ ರಾತ್ರಿಗೆ ಕೂಡಿಡಲು ಎಷ್ಟು ಖರ್ಚಾದೀತು ಎಂಬ ಲೆಕ್ಕವನ್ನು ಮೊದಲು ಜನರ ಮುಂದಿಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ದುಬಾರಿ ಎಂದೇ ಉತ್ತರ ಬರಬಹುದು. ಆದರೆ ಕಣಿವೆಯ ಬೆಲೆಯನ್ನೂ ಆ ಲೆಕ್ಕದಲ್ಲಿ ಬರೆದಿರಬೇಕು.

ಅಕ್ಕನ ಮನೆಯಲ್ಲಿ ಮಾಡಿದ್ದು

ಮೂರು ಕೆಲಸ. ಮೊದಲನೆಯದು ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನಕ್ಕೆಂದು ಶುರುವಾದ ‘ಅಸ್ತ್ರ’ ವಿಭಾಗ ರೂಪಿಸಿದ ಒಲೆ ಕರ್ನಾಟಕದ ಹಳ್ಳಿಗಳಿಗೆ ಹೊಸದಲ್ಲ. ಅದೇ ಸೂತ್ರದಲ್ಲಿ, ಸುತ್ತ ಮುಚ್ಚಿದ ಗೂಡು, ಕೆಳಗೆ ಕಬ್ಬಿಣದ ಜಾಲರಿ, ಹಂಡೆಯ ಮೈಗೆ ಬಿಗಿಯಾದ ಅಂಚು, ಮಾಡಿನ ಮೇಲಕ್ಕೆ ಚಿಮಣಿ ಇಟ್ಟು ಊರಿನ ಗಾರೆಯವರ ಕೈಯಲ್ಲೇ ಹೊಸ ಒಲೆ ಕಟ್ಟಿಸಿದೆವು. ತೂಗಿದರೆ ಈಗ ದಿನಕ್ಕೆ ಮೂವತ್ತು ಕೆ.ಜಿ. ಒಳಗೆ. ಕನ್ನಡಿ ಒಂದು ಸುಗ್ಗಿಗೆ ಉಳಿಸಬಹುದಾಗಿದ್ದದ್ದು 460 ಕೆ.ಜಿ., ಒಲೆ ಉಳಿಸಿದ್ದು ಆರು ನೂರರ ಮೇಲೆ, ಮೋಡದ ದಿನವೂ ಸೇರಿ. ಹೊಗೆ ಮಾಡಿನ ಆಚೆ ಹೋಗುತ್ತದೆ. ಅಕ್ಕನ ಕಣ್ಣು ಎರಡು ತಿಂಗಳಲ್ಲಿ ತಿಳಿಯಾಯಿತು, ಕೆಮ್ಮು ಇನ್ನೂ ಸ್ವಲ್ಪ ಇದೆ.

ಎರಡನೆಯದು ಬಚ್ಚಲಿಗೆ ಮಾಮೂಲಿ ಸೋಲಾರ್ ಹೀಟರ್. ಕನ್ನಡಿ ಇಲ್ಲ, ತಿರುಗುವ ಯಂತ್ರ ಇಲ್ಲ. ನವೆಂಬರಿನಿಂದ ಮೇ ತನಕ ಬಚ್ಚಲೊಲೆ ಹೆಚ್ಚುಕಡಿಮೆ ತಣ್ಣಗೇ ಇರುತ್ತದೆ. ಮಳೆಗಾಲಕ್ಕೆ ಒಲೆ ಬೇಕೇ ಬೇಕು, ಬಟ್ಟೆ ಒಣಗುವುದೂ ಅದರ ಮೇಲೆ. ಮೂರನೆಯದು, ಚಪ್ಪರದ ಅರ್ಧಕ್ಕೆ ಪಾರದರ್ಶಕ ಶೀಟಿನ ಒಣಗಿಸುವ ಮನೆ. ಅಕ್ಟೋಬರಿನ ಮಳೆಗೆ ಬೆಂದ ಅಡಿಕೆ ಬೂಷ್ಟು ಹಿಡಿಯುವುದು ಈ ಮನೆಯ ನಿಜವಾದ ನಷ್ಟ. ಒಣಗಿಸಲು ಐವತ್ತು ಡಿಗ್ರಿ ಸಾಕು, ಐವತ್ತು ಡಿಗ್ರಿಗೆ ಬೆಳಕನ್ನು ಕೂಡಿಸುವ ಅಗತ್ಯವೇ ಇಲ್ಲ. ಮೂರೂ ಸೇರಿ ಡಿಶ್‌ನ ಅರ್ಧ ಬೆಲೆಯನ್ನೂ ಮುಟ್ಟಲಿಲ್ಲ.

ಪೂರ್ವದ ಕಡೆ

ಅಳಿಯನ ಭಾವನೊಬ್ಬ ಶಿಕಾರಿಪುರದ ಕಡೆ ಖೇಣಿ ಹಿಡಿಯುತ್ತಾನೆ. ಹತ್ತಾರು ತೋಟಗಳ ಫಸಲನ್ನು ಮರದ ಮೇಲೇ ಕೊಂಡು ಒಂದೇ ಕಣದಲ್ಲಿ ಸುಲಿದು ಬೇಯಿಸುವ ವ್ಯಾಪಾರ. ಫೆಬ್ರವರಿಯಲ್ಲಿ ಅವನ ಕಣ ನೋಡಲು ಹೋಗಿದ್ದೆವು. ಸಾಲಾಗಿ ಆರು ಹಂಡೆ, ಬೆಳಿಗ್ಗೆಯಿಂದ ರಾತ್ರಿವರೆಗೆ ಉರಿ. ಅಲ್ಲಿ ಬೆಟ್ಟ ಇಲ್ಲ, ಸೌದೆ ಲಾರಿಯಲ್ಲಿ ದುಡ್ಡು ಕೊಟ್ಟು ಬರಬೇಕು. ಕಣದ ಸುತ್ತ ಮರವಿಲ್ಲ, ಪಶ್ಚಿಮಕ್ಕೆ ಗುಡ್ಡವಿಲ್ಲ. ಬೇಯಿಸುವುದು ಹಗಲು ಪೂರ್ತಿ ನಡೆಯುವುದರಿಂದ ಬಿಸಿಲು ಎಷ್ಟು ಬಂದರೂ ಹಿಡಿಸಲು ಜಾಗವಿದೆ, ಬಿಸಿಲು ಹೋದರೆ ಒಲೆ ಪಕ್ಕದಲ್ಲೇ ಇದೆ. ಮಳೆ ತೀರ್ಥಹಳ್ಳಿಗಿಂತ ಎಷ್ಟೋ ಕಡಿಮೆ.

ನಾನು ಅಂಗಳದ ಮಧ್ಯೆ ಕೈ ಚಾಚಿದೆ. ಐದು ಬೆರಳೂ ನೆಲದ ಮೇಲೆ ಕೊರೆದಿಟ್ಟ ಹಾಗೆ ಬಿದ್ದವು. ಅಕ್ಕನ ಅಂಗಳದಲ್ಲಿ ಸೋತ ಡಿಶ್ ಇಲ್ಲಿ ಗೆಲ್ಲಬಹುದೇ ಎಂದರೆ, ಚೊಗರಿನ ತೊಡಕು ಇಲ್ಲೂ ಇದೆ. ಹಂಡೆಗೆ ಹಾಕುವ ಮೊದಲ ನೀರನ್ನು ಮಾತ್ರ ಕನ್ನಡಿಯಲ್ಲಿ ಕಾಯಿಸಿಕೊಂಡು, ಮುಂದಿನದನ್ನು ಒಲೆಗೆ ಬಿಡುವುದು ಮೊದಲ ಹೆಜ್ಜೆಯಾದೀತು. ಲಾತೂರಿನ ಒಂದು ಡೈರಿಯಲ್ಲಿ ದೊಡ್ಡ ಡಿಶ್ ಒಂದನ್ನು ಹಾಲು ಪಾಶ್ಚರೀಕರಣಕ್ಕೆ ಬಳಸಿದ್ದೂ ಹೀಗೆ ಬಾಯ್ಲರಿನ ಜೊತೆಯಾಗಿ.

ಕೊಟೇಶನ್ ತರಿಸಬೇಡ ಎಂದು ಖೇಣಿದಾರನಿಗೆ ಹೇಳಿದ್ದೇನೆ, ಇನ್ನೂ ಒಂದು ಸುಗ್ಗಿ ಹೋಗಲಿ. ಹುಡುಗಿ ತನ್ನ ಭೂತಗನ್ನಡಿಯನ್ನು ಕೊಡಲು ಒಪ್ಪಲಿಲ್ಲ, ಅದಕ್ಕೆ ಶಿವಮೊಗ್ಗದಲ್ಲಿ ಹೊಸದೊಂದು ಕೊಂಡೆ. ಕಣದಲ್ಲಿ ತೂಕ ಬರೆಯುವ ಹುಡುಗ ಸೆಪ್ಟೆಂಬರ್ ಹದಿನೈದರಿಂದ ಗಂಟೆಗೊಮ್ಮೆ ಸೋಗೆಗೆ ಗಾಜು ಹಿಡಿಯುತ್ತಿದ್ದಾನೆ. ಮೊದಲ ವಾರದ ಪುಟದ ಫೋಟೋ ಕಳಿಸಿದ್ದ. ಎಂಟು ಗಂಟೆಗಳಲ್ಲಿ ಐದೋ ಆರೋ ಸರಿ ಗುರುತು, ಮೂರನೇ ದಿನ ಮಳೆ, ಪೂರ್ತಿ ಸೊನ್ನೆ.